ಮಾಡದಲ್ಲಿದ್ದ ಗುಳಿಗೆ

ಸಭೆಯ ಅಧ್ಯಕ್ಷ ಸ್ಥಾನದಲ್ಲಿರುವ ಹಿರಿಯರಾದ ಅಣ್ಣಾಸಾಬ ಅವರೇ, ಇಂದು ಸನ್ಮಾನ ಸ್ವೀಕರಿಸಿದ, ಈ ಭಾಗದಲ್ಲಿ ಕಾಲಿಡದ ಮನೆಯೇ ಇಲ್ಲ ಎನಿಸಿಕೊಂಡ ಡಾಕ್ಟರ್ ದಾದಾಸಾಹೇಬ ಅವರೇ, ಬೆಳಗಾವಿಯಿಂದ ದಯಮಾಡಿಸಿರುವ ಮೂತ್ರಪಿಂಡದ ತಜ್ಞರೇ, ಹಾರದಿಂದ ಹಿಡಿದು ಊಟದವರೆಗೆ ಎಲ್ಲವನ್ನೂ ಒದಗಿಸಿರುವ ಔಷಧ ಕಂಪನಿಯ ಮಹನೀಯರೇ, ಹಾರೂಗೇರಿಯ ಹಾಗೂ ಸುತ್ತಲಿನ ಊರುಗಳ ಸಭಿಕರೇ, ತಾಯಂದಿರೇ,

ನಾನು ಈಗ ಹೇಳುವ ಕಥೆಯನ್ನು ಮೊದಲು ಹೇಳಿದವಳು ದಿಗ್ಗೇವಾಡಿಯ ತಾರವ್ವ. ಹೇಳಿದ್ದು ಕಳೆದ ವರ್ಷ, ಅಂದರೆ ೧೯೯೮ರ ಕಾರ್ತಿಕದಲ್ಲಿ, ಒಂದು ಕುಬುಸದ ಮಧ್ಯಾಹ್ನ. ಬಸುರಿಗೆ ಏಳನೆಯ ತಿಂಗಳಲ್ಲಿ ಹಸಿರು ಬಳೆ ತೊಡಿಸಿ ಉಡಿ ತುಂಬುವ ದಿನ. ಕೇಳಿದವರಲ್ಲಿ ನಾನೂ ಒಬ್ಬ.

ನನ್ನನ್ನು ಕರೆಸಿದ್ದು ಈ ಕಥೆಗಲ್ಲ ಎಂಬುದು ನನಗೆ ಗೊತ್ತಿದೆ. ಆಮಂತ್ರಣ ಪತ್ರಿಕೆಯಲ್ಲಿ ‘ಸಿದರಾಯ ಮಾಸ್ತರರಿಂದ ನಗೆಗಥೆಗಳು’ ಎಂದು ಹಾಕಿಸಿದ್ದೀರಿ. ಊಟಕ್ಕೆ ಮೊದಲು ಜನ ನಕ್ಕರೆ ಹಸಿವು ಚೆನ್ನಾಗಿ ಆಗುತ್ತದೆ ಎಂದು ಸಂಘಟಕರು ಹೇಳಿದರು. ನಾನೂ ಒಪ್ಪಿಕೊಂಡೆ. ಕುರಿಗಾರನೊಬ್ಬ ಟಗರನ್ನು ಹಿಡಿದುಕೊಂಡು ರೈಲು ಹತ್ತಿದ ಕಥೆ ಹೇಳೋಣ ಎಂದು ಬಸ್ಸಿನಲ್ಲಿ ಬರುವಾಗ ಮನಸ್ಸಿನಲ್ಲೇ ತಾಲೀಮು ಮಾಡಿಕೊಂಡು ಬಂದೆ. ಆ ಟಗರು ಈಗಲೂ ಹೊರಗೆ ಬೇವಿನ ಗಿಡಕ್ಕೆ ಕಟ್ಟಿದೆ ಎಂದು ತಿಳಿಯಿರಿ. ಇವತ್ತು ಅದನ್ನು ಬಿಚ್ಚುವುದಿಲ್ಲ.

ಯಾಕೆಂದರೆ ನನಗಿಂತ ಮೊದಲೇ ಒಬ್ಬರು ನಿಮ್ಮನ್ನು ನಗಿಸಿದರು. ಸನ್ಮಾನಕ್ಕೆ ಉತ್ತರ ಕೊಡುತ್ತ ಡಾಕ್ಟರ್ ಸಾಹೇಬರು ಏನು ಹೇಳಿದರು? “ನಮ್ಮ ಮಂದಿ ಹೆಂಗ ಅದಾರ ಅಂದ್ರ, ಅಪ್ಪನ ಬಿಪಿ ಗುಳಿಗಿ ಬಸುರಿ ಮಗಳು ನುಂಗತಾಳ. ಕೂಸು ಹೋತಂದ್ರ ಗ್ರಹಣ ಬಡದೈತಿ ಅಂತಾರ. ಇಂಥಾ ಶಾಣ್ಯಾ ಮಂದಿಗೆ ನಾ ಏನ್ ಔಷಧ ಕೊಡ್ಲಿ ಹೇಳ್ರಿ.” ನೀವು ನಕ್ಕಿರಿ. ಬೆಳಗಾವಿಯ ತಜ್ಞರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ಕಂಪನಿಯವರು ಚಪ್ಪಾಳೆ ತಟ್ಟಿದರು. ಯಾರೋ ಸೀಟಿ ಕೂಡ ಹೊಡೆದರು.

ಹಿಂದಿನ ಸಾಲಿನಲ್ಲಿ, ಬಾಗಿಲ ಹತ್ತಿರ, ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿರುವ ಒಬ್ಬ ಹೆಣ್ಣುಮಗಳು ಮಾತ್ರ ನಗಲಿಲ್ಲ. ನಾನು ಇಲ್ಲಿಂದ ನೋಡುತ್ತಿದ್ದೆ. ಸ್ವಯಂಸೇವಕರೇ, ಆ ಕೂಸು ಗಲಾಟೆ ಮಾಡುತ್ತದೆ ಎಂದು ಆಕೆಗೆ ಆಗಿನಿಂದ ಹೊರಗೆ ಹೋಗಲು ಹೇಳುತ್ತಿದ್ದೀರಿ. ದಯವಿಟ್ಟು ಬಿಡಿ. ನಾನು ಮಾತು ಮುಗಿಸುವವರೆಗೆ ಆ ಕೂಸು ಅಲ್ಲೇ ಇರಲಿ.

ಡಾಕ್ಟರ್ ಸಾಹೇಬರೇ, ನೀವು ಕೆಟ್ಟವರಾಗಿದ್ದರೆ ನಾನು ಟಗರಿನ ಕಥೆ ಹೇಳಿ ಊಟ ಮಾಡಿ ಹೋಗುತ್ತಿದ್ದೆ. ನೀವು ಒಳ್ಳೆಯವರು. ಅದಕ್ಕೇ ನನಗೆ ಇಷ್ಟು ಸಿಟ್ಟು ಬಂದಿದೆ.

ಸಭಿಕರೇ, ಮೊದಲು ಆ ಗುಳಿಗೆಯ ವಿಷಯ. ಬೆಳಗಾವಿಯ ತಜ್ಞರು ಪರದೆಯ ಮೇಲೆ ಬಣ್ಣದ ಚಿತ್ರಗಳನ್ನು ಬಿಟ್ಟು, ಆಂಜಿಯೊಟೆನ್ಸಿನ್ ಎಂದರು, ಅದರ ರಿಸೆಪ್ಟರ್ ಎಂದರು, ಹೃದಯ ಎಂದರು, ಮೂತ್ರಪಿಂಡ ಎಂದರು. ನಿಮಗೆ ಎಷ್ಟು ತಿಳಿಯಿತು? ಮುಂದಿನ ಸಾಲಿನಲ್ಲಿ ನಮ್ಮ ರಾಜೇಸಾಬಣ್ಣ ಗೊರಕೆ ಹೊಡೆಯುತ್ತಿದ್ದ. ತಪ್ಪು ಅವನದಲ್ಲ. ನನಗೆ ಒಬ್ಬರು ತಿಳಿಯುವ ಹಾಗೆ ಹೇಳಿದ್ದಾರೆ, ನಾನು ನಮ್ಮ ಹೊಲದ ಮಾತಿನಲ್ಲಿ ಹೇಳುತ್ತೇನೆ. ತಪ್ಪಿದರೆ ತಜ್ಞರು ಎದ್ದು ನಿಂತು ತಿದ್ದಲಿ.

ಕೃಷ್ಣಾ ದಂಡೆಯ ಮೇಲೆ ಮೋಟರು ಇರುತ್ತದೆ. ಅಲ್ಲಿಂದ ಪೈಪು ಏರು ಹತ್ತಿ ಹೊಲಗಳಿಗೆ ಹೋಗುತ್ತದೆ. ದಾರಿಯುದ್ದಕ್ಕೂ ವಾಲ್ವುಗಳು, ವಾಲ್ವಿಗೊಬ್ಬ ಕಾವಲಿನವನು. ಕಟ್ಟಕಡೆಯ ಹೊಲಕ್ಕೆ ನೀರು ಸಣ್ಣಗಾದರೆ ಅಲ್ಲಿನವನು ಏನು ಮಾಡುತ್ತಾನೆ? ಕೂಗುತ್ತಾನೆ. “ಏ, ನೀರ ಬರವಲ್ದೋ, ಬಿಗಿ ಮಾಡ್ರಲೇ.” ಕಾವಲಿನವರು ಕೂಗು ಕೇಳಿ ವಾಲ್ವು ಬಿಗಿ ಮಾಡುತ್ತಾರೆ. ಪೈಪಿನಲ್ಲಿ ಒತ್ತಡ ಏರುತ್ತದೆ, ಕಡೆಯ ಹೊಲಕ್ಕೆ ನೀರು ಮುಟ್ಟುತ್ತದೆ. ನಮ್ಮ ಮೈಯಲ್ಲಿ ಆ ಕಡೆಯ ಹೊಲದವನು ಮೂತ್ರಪಿಂಡ. ಅವನು ಎಬ್ಬಿಸುವ ಕೂಗು ಆಂಜಿಯೊಟೆನ್ಸಿನ್. ರಕ್ತನಾಳದ ಗೋಡೆಯಲ್ಲಿ ಕುಳಿತ ಕಾವಲಿನವರ ಕಿವಿಯೇ ಆ ರಿಸೆಪ್ಟರ್. ಇಷ್ಟೇ.

ಕೆಲವರ ಮೈಯಲ್ಲಿ ಆ ಕಡೆಯ ಹೊಲದವನಿಗೆ ಹುಚ್ಚು ಹಿಡಿಯುತ್ತದೆ. ನೀರು ಬಂದರೂ ಕೂಗುತ್ತಾನೆ, ಬರದಿದ್ದರೂ ಕೂಗುತ್ತಾನೆ. ವಾಲ್ವುಗಳು ಬಿಗಿಯುತ್ತಲೇ ಹೋಗುತ್ತವೆ. ಮೋಟರು ಕಾಯುತ್ತದೆ, ಅದು ಹೃದಯ. ಪೈಪು ಎಲ್ಲೋ ಒಡೆಯುತ್ತದೆ, ಅದು ಲಕ್ವ. ಕೊನೆಗೆ ಅಷ್ಟು ರಭಸದ ನೀರು ಬಡಿದು ಕೂಗಿದವನ ಹೊಲವೇ ಕೊಚ್ಚಿ ಹೋಗುತ್ತದೆ. ಹಿಂದಿನ ಗುಳಿಗೆ ಕೂಗುವವನ ಗಂಟಲು ಹಿಡಿಯುತ್ತಿತ್ತು. ಅದರಿಂದ ಕೆಲವರಿಗೆ ಒಣಕೆಮ್ಮು ಬರುತ್ತಿತ್ತು. ಈಗ ಬಂದಿರುವ ಹೊಸ ಗುಳಿಗೆ ಕಾವಲಿನವರ ಕಿವಿಗೆ ಹತ್ತಿ ಇಡುತ್ತದೆ. ಕೂಗುವವನು ಕೂಗಲಿ, ಕೇಳುವವರಿಲ್ಲ. ಒಳ್ಳೆಯ ಗುಳಿಗೆ. ನನಗೆ ಗುಳಿಗೆಯ ಮೇಲೆ ಸಿಟ್ಟಿಲ್ಲ. ದಿಗ್ಗೇವಾಡಿಯಲ್ಲಿ ಮಾಳಸಿದ್ದ ಎಂಬ ಕುರಿಗಾರ ಮುದುಕನೊಬ್ಬ ಇವತ್ತು ಊರುಗೋಲಿಲ್ಲದೆ ನಡೆಯುತ್ತಿದ್ದರೆ, ಅವನ ಮೂತ್ರಪಿಂಡಗಳು ಇನ್ನೂ ಮೈಗೆ ದುಡಿಯುತ್ತಿದ್ದರೆ, ಅದು ಈ ಗುಳಿಗೆಯ ಪುಣ್ಯ, ಕೊಟ್ಟ ದಾದಾಸಾಹೇಬರ ಪುಣ್ಯ. ಅದನ್ನೂ ಈ ಮೈಕಿನಲ್ಲೇ ಹೇಳುತ್ತೇನೆ.

ಆ ಮಾಳಸಿದ್ದನ ಮಗಳೇ ತಾರವ್ವ.

ತಾರವ್ವನನ್ನು ಉಗಾರ ಬುದ್ರುಕಿಗೆ ಕೊಟ್ಟಿತ್ತು. ಗಂಡ ಗಂಗಾರಾಮ, ಕಬ್ಬಿನ ಹೊಲದವರು. ಚೊಚ್ಚಲ ಬಾಣಂತನಕ್ಕೆ ೧೯೯೭ರಲ್ಲಿ, ಏಳು ತುಂಬುವ ಹೊತ್ತಿಗೆ, ತವರಿಗೆ ಬಂದಳು. ಬಂದಾಗ ಕಾಲು ಬಾತಿದ್ದವು. ಊರಿಗೆ ಬರುವ ನರ್ಸಬಾಯಿ ಪಟ್ಟಿ ಕಟ್ಟಿ ನೋಡಿ, “ಬಿಪಿ ಹೆಚ್ಚಾಗೈತಿ, ದವಾಖಾನಿಗೆ ಕರಕೊಂಡ ಹೋಗ್ರಿ” ಎಂದು ಹೇಳಿ ಮುಂದಿನ ಊರಿಗೆ ಹೋದಳು. ತಾರವ್ವನ ತಾಯಿ ಸಾವಿತ್ರೆವ್ವ ಗೋಡೆಯ ಕಡೆ ನೋಡಿದಳು. ಗೋಡೆಯಲ್ಲಿ ಮಾಡ ಇದೆ. ದೀಪ ಇಡುವ, ಬಾಚಣಿಗೆ ಇಡುವ ಆ ಗೂಡು. ಮನೆಯವರೆಲ್ಲರ ಔಷಧವೂ ಅಲ್ಲೇ. ತಲೆನೋವಿನದು, ಜ್ವರದ್ದು, ಕುರಿಗಳ ಹುಣ್ಣಿಗೆ ಹಚ್ಚುವ ಮುಲಾಮು, ಮಾಳಸಿದ್ದನ ಬಿಪಿ ಗುಳಿಗೆ.

“ಬಿಪಿ ಗುಳಿಗಿ ಮಾಡದಾಗನ ಐತೆಲ್ಲ,” ಎಂದಳು ಸಾವಿತ್ರೆವ್ವ. “ಅದಕ ಹಾರೂಗೇರಿಗೆ ಯಾಕ ಹೋಗಬೇಕು?”

“ನಂದ ಅಕಿಗೆ ಕೊಡು,” ಎಂದ ಮಾಳಸಿದ್ದ. “ನಾ ಕುರಿ ಹಿಂದ ನಡದ ಬೆವರ ಸುರಿಸಿದ್ರ ನಂದು ತಾನ ಇಳಿತೈತಿ.”

ಅಂದಿನಿಂದ ಪ್ರತಿ ಮುಂಜಾನೆ ಆ ಮನುಷ್ಯ ತನ್ನ ಗುಳಿಗೆಯನ್ನು ತಾನು ನುಂಗದೆ, ಹಾಲು ಕಾಸಿ, ಲೋಟ ಹಿಡಿದುಕೊಂಡು ಮಗಳ ಎದುರು ಕೂತು ನುಂಗಿಸುತ್ತಿದ್ದ. ಹುಟ್ಟಿದಾಗಿನಿಂದ ಅವಳಿಗೆ ಹಾಲು ಕಾಸಿ ಕೊಟ್ಟಿದ್ದನ್ನು ನಾವು ಯಾರೂ ಕಂಡಿರಲಿಲ್ಲ. ಕುರಿ ಕಾಯುವವರು ಮಕ್ಕಳ ಎದುರು ಅಷ್ಟು ಮೆತ್ತಗಾಗುವುದಿಲ್ಲ. ಅಪ್ಪ ಒಲೆಯ ಮುಂದೆ ಕೂತದ್ದನ್ನು ನೋಡಿ ಅವ್ವ ನಗುತ್ತಿದ್ದಳು.

ನಮ್ಮಪ್ಪ. ಹೌದು, ಬಾಯಿ ತಪ್ಪಿ ಬಂತು. ದಿಗ್ಗೇವಾಡಿಯ ಒಬ್ಬ ಮುದುಕ, ಒಬ್ಬ ಹೆಣ್ಣುಮಗಳು ಎಂದೇ ಹೇಳಿ ಮುಗಿಸಬೇಕೆಂದಿದ್ದೆ. ಇರಲಿ. ಮಾಳಸಿದ್ದ ನನ್ನ ತಂದೆ. ತಾರವ್ವ ನನ್ನ ತಂಗಿ.

ಈಗ ಡಾಕ್ಟರ್ ಸಾಹೇಬರೇ, ಒಂದು ಪ್ರಶ್ನೆ. ಒಬ್ಬರ ಗುಳಿಗೆ ಇನ್ನೊಬ್ಬರು ನುಂಗುವುದನ್ನು ನಮಗೆ ಕಲಿಸಿದವರು ಯಾರು? ನಾನು ಆಗಿನ್ನೂ ಕಾಲೇಜಿಗೆ ಹೋಗುತ್ತಿದ್ದೆ. ಊರಿಗೆಲ್ಲ ಕಜ್ಜಿ ಹಬ್ಬಿತ್ತು. ನೀವು ಹೊಸದಾಗಿ ಬಂದಿದ್ದಿರಿ, ಮೋಟರ್‌ಸೈಕಲ್ಲಿನ ಮೇಲೆ. ಕೆಸರಿನಲ್ಲಿ ಅದನ್ನು ತಳ್ಳಿಕೊಂಡು ನಮ್ಮ ಹಟ್ಟಿಯವರೆಗೆ ಬಂದಿರಿ. ಅಪ್ಪನಿಗೆ ಮಾತ್ರ ಮುಲಾಮು ಹಚ್ಚುತ್ತೇನೆಂದ ನಮ್ಮವ್ವನಿಗೆ ನೀವು ಹೇಳಿದ ಮಾತು ನನಗೆ ಇನ್ನೂ ನೆನಪಿದೆ. “ಒಬ್ರಿಗೆ ಹಚ್ಚಿದ್ರ ನಡಿಯೂದಿಲ್ಲ ಸಾವಿತ್ರೆವ್ವ. ಮನಿಮಂದಿಗೆಲ್ಲ ಹಚ್ಚು. ಒಂದ ಮನಿ ಅಂದ್ರ ಒಂದ ಮೈ ಅಂತ ತಿಳಕೋ.” ಆಮೇಲೆ ಜಂತುಹುಳುವಿನ ಔಷಧ ತಂದಿರಿ, ಆಗಲೂ ಅದನ್ನೇ ಹೇಳಿದಿರಿ. ಆ ಮಾತು ನಮಗೆ ಎಷ್ಟು ಇಷ್ಟವಾಯಿತು ಎಂದರೆ, ಅವ್ವ ಅದನ್ನು ಬಂದವರಿಗೆಲ್ಲ ಹೇಳುತ್ತಿದ್ದಳು. ಡಾಕ್ಟರು ದೇವರಂಥ ಮಾತು ಆಡಿದ್ದಾನೆ ಎನ್ನುತ್ತಿದ್ದಳು. ನಿಮ್ಮ ಮಾತನ್ನು ನಾವು ಕೇಳಿದೆವು, ಸಾಹೇಬರೇ. ಬಹಳ ಚೆನ್ನಾಗಿ ಕೇಳಿದೆವು. ಅದೇ ಮಾತಿನಂತೆ ನಡೆದದ್ದಕ್ಕೆ ಇವತ್ತು ನಗೆಪಾಟಲಾದೆವು.

ಒಂದು ಮನೆ ಒಂದು ಮೈ ಎಂದವರು, ಈ ಗುಳಿಗೆ ಕೊಡುವಾಗ ಇದು ಆ ಮಾತಿಗೆ ಹೊರತು ಎಂದು ಯಾಕೆ ಹೇಳಲಿಲ್ಲ? “ಮಾಳಸಿದ್ದ, ಮನ್ಯಾಗ ಬಸುರಿ ಹೆಂಗಸರು ಅದಾರೇನು?” ಎಂದು ಒಂದು ಮಾತು. ಅಷ್ಟು ಕೇಳಲು ನಾಲಗೆಗೆ ಏನು ಭಾರವಾಗುತ್ತಿತ್ತು?

ಆ ವರ್ಷ ಭಾದ್ರಪದ ಹುಣ್ಣಿಮೆಗೆ ಚಂದ್ರಗ್ರಹಣ ಹಿಡಿಯಿತು. ತಾರವ್ವನನ್ನು ಒಳಗೆ ಮಲಗಿಸಿದ್ದರು. ಆಕೆ ನೀರಡಿಕೆಯಾಗಿ ಎದ್ದು ಪಡಸಾಲೆಗೆ ಬಂದಳು, ಒಂದು ತಂಬಿಗೆ ನೀರು ಕುಡಿದು ಹೋದಳು. ಅಷ್ಟೇ. ಆಮೇಲೆ ದಿನ ತುಂಬಿದಾಗ ಹೆರಿಗೆಯಾಯಿತು. ಸೂಲಗಿತ್ತಿ ಮಲಕವ್ವ ಹೊರಗೆ ಬಂದು, “ನೀರ ಇಲ್ಲದ ಹೆರಿಗಿ ಆತವ್ವ” ಎಂದಳು. ಗಂಡು ಕೂಸು. ಅತ್ತಿತು, ಮೈ ಬಿಸಿ ಇತ್ತು, ಬೆರಳು ಹಿಡಿಯುತ್ತಿತ್ತು. ಆದರೆ ಬಟ್ಟೆ ಒದ್ದೆ ಮಾಡಲಿಲ್ಲ. ಬೆಳಿಗ್ಗೆ ಬಟ್ಟೆ ಒಣಗಿತ್ತು. ಸಂಜೆಯೂ ಒಣಗಿತ್ತು. ಮಕ್ಕಳ ಬಟ್ಟೆ ಒಗೆದು ಒಗೆದು ಬೇಸತ್ತ ಹೆಂಗಸರೆಲ್ಲ ಆ ಒಣ ಬಟ್ಟೆಯನ್ನು ಮುಟ್ಟಿ ಮುಟ್ಟಿ ನೋಡಿದರು. ಜೀಪು ಮಾಡಿಕೊಂಡು ಮಿರಜಿಗೆ ಒಯ್ದೆವು. ಅಲ್ಲಿ ಕೂಸು ತೀರಿಹೋಯಿತು.

ಮಿರಜಿನಲ್ಲಿ ಒಬ್ಬ ಡಾಕ್ಟರಬಾಯಿ ಇದ್ದಳು. ಆಕೆ ತಾರವ್ವನ ಪಕ್ಕ ಕುಳಿತು, ಮರಾಠಿಯಲ್ಲಿ, “ಬಾಯಿ, ಕುಠಲೀ ಗೋಳೀ ಘೇತ್ ಹೋತೀಸ್ ಕಾ?” ಎಂದಳು. ಯಾವುದಾದರೂ ಗುಳಿಗೆ ತಗೊಳ್ಳುತ್ತಿದ್ದೆಯಾ ಎಂದು. ನೋಡಿ, ಆ ಪ್ರಶ್ನೆ ಕೇಳುವುದು ಎಷ್ಟು ಸುಲಭ. ತಾರವ್ವ ಸೀರೆಯ ಸೆರಗಿನಲ್ಲಿ ಕಟ್ಟಿದ್ದ ಗುಳಿಗೆ ಬಿಚ್ಚಿ ತೋರಿಸಿದಳು. ಆಕೆ ತುಂಬ ಹೊತ್ತು ಕೈ ಹಿಡಿದುಕೊಂಡು, ಒಂದೊಂದಾಗಿ ತಿಳಿಸಿ ಹೇಳಿದಳಂತೆ. ಹೊಟ್ಟೆಯೊಳಗಿನ ಕೂಸಿನ ಮೂತ್ರಪಿಂಡ ಕಟ್ಟುವ ಕೆಲಸವೂ ಅದೇ ಕೂಗಿನಿಂದ, ಅದೇ ಕಿವಿಗಳಿಂದ ನಡೆಯುತ್ತದೆ. ಕೂಸು ಈಸುವ ನೀರು ಹೆಚ್ಚಿನಂಶ ಅದರದೇ ಮೂತ್ರ. ಕಿವಿಗೆ ಹತ್ತಿ ಇಟ್ಟರೆ ಕಟ್ಟುವ ಕೆಲಸ ನಿಲ್ಲುತ್ತದೆ, ನೀರು ಬತ್ತುತ್ತದೆ. ಮುದುಕನಿಗೆ ಉಸಿರು ಕೊಡುವ ಗುಳಿಗೆ ಕೂಸಿನ ಉಸಿರು ತೆಗೆಯುತ್ತದೆ.

ತಾರವ್ವ ಕೇಳಿಸಿಕೊಂಡಳು. ಊರಿಗೆ ಬಂದು ಬಾಯಿ ಬಿಡಲಿಲ್ಲ.

ಉಗಾರದವರು ಬಂದರು. ಅತ್ತೆ ಕೇಳಿದಳು, “ಗ್ರಹಣದಾಗ ಹೊರಗ ಬಂದಿದ್ಲ ಹೌದಿಲ್ಲೋ?” ತಾರವ್ವ, “ಹೌದ್ರಿ, ಬಂದಿದ್ನಿ” ಎಂದಳು. “ನೀರ ಕುಡದಿ?” “ಕುಡದ್ನಿರಿ.” ಮುಗಿಯಿತು. ಅವಳನ್ನು ಕರೆದುಕೊಂಡು ಹೋಗಲಿಲ್ಲ. ಆಮೇಲೆ ಊರಿನಲ್ಲಿ ಯಾರದೇ ಕುಬುಸವಾಗಲಿ, ತೊಟ್ಟಿಲಾಗಲಿ, ಅವಳನ್ನು ಕರೆಯುವುದು ನಿಂತಿತು. ಗ್ರಹಣದವಳು ಎಂದೇ ಹೆಸರಾಯಿತು. ನನ್ನ ತಂಗಿ ಆ ಹೆಸರನ್ನು ಹೊತ್ತುಕೊಂಡು ನೀರು ತಂದಳು, ಕುರಿಹಟ್ಟಿ ಉಡುಗಿದಳು. ಎದುರು ಬಂದ ಬಸುರಿಯರು ದಾರಿ ಬಿಟ್ಟು ಹೋಗುವುದನ್ನು ನೋಡಿಯೂ ನೋಡದ ಹಾಗೆ ನಡೆದಳು.

ಯಾಕೆ ಸುಮ್ಮನಿದ್ದಳು? ಹೇಳಿದ್ದರೆ ಉಗಾರದವರ ಬಾಯಿ ಮುಚ್ಚುತ್ತಿತ್ತಲ್ಲ? ಸಭಿಕರೇ, ಹಾಲು ಕಾಸಿದ ಕೈ ಯಾರದು ಎಂದು ಯೋಚಿಸಿ. ಅಪ್ಪನಿಗೆ ಗೊತ್ತಾದರೆ ಅಪ್ಪ ಬದುಕುವುದಿಲ್ಲ ಎಂದು ಅವಳಿಗೆ ಅನಿಸಿತ್ತು. ಗ್ರಹಣಕ್ಕೆ ನೊಂದುಕೊಳ್ಳಲು ಯಾವ ಮಕ್ಕಳಿದ್ದಾರೆ, ಅಪವಾದ ಅದರ ಮೇಲಿರಲಿ ಎಂದುಕೊಂಡಳು.

ಇದು, ಡಾಕ್ಟರ್ ಸಾಹೇಬರೇ, ನೀವು ಶಾಣ್ಯಾ ಮಂದಿ ಎಂದು ನಕ್ಕ ಗ್ರಹಣ.

ಮುಂದಿನ ವರ್ಷ ನನ್ನ ಹೆಂಡತಿ ಮಂಗಲ ಬಸುರಿಯಾದಳು. ಕಾರ್ತಿಕದಲ್ಲಿ ನಮ್ಮ ಮನೆಯಲ್ಲೇ ಕುಬುಸ. ಪಡಸಾಲೆ ತುಂಬ ಹೆಂಗಸರು, ಕಟ್ಟೆಯ ಮೇಲೆ ಊಟಕ್ಕೆ ಕಾದ ಗಂಡಸರು. “ಸ್ವಲ್ಪ ಹೊತ್ತ ಒಳಗ ಇರವ್ವ ತಾರಾ” ಎಂದು ಅವ್ವ ಮಗಳನ್ನು ಅಡುಗೆಮನೆಗೆ ಕಳಿಸಿದ್ದಳು. ರಾಜೇಸಾಬಣ್ಣನ ಹೆಂಡತಿ ಕುಲಸುಂಬಿ ಬಳೆ ತೊಡಿಸಲು ಕೂತಿದ್ದಳು. ನಮ್ಮೂರಿನಲ್ಲಿ ಅವಳು ತೊಡಿಸದ ಕೈಯಿಲ್ಲ. ಆದರೆ ಹಸಿರು ಬಳೆ ಮಂಗಲನ ಮುಂಗೈ ದಾಟಲಿಲ್ಲ.

“ಕೈ ಬಾತಾವಲ್ಲ ಬೇ ಹುಡುಗಿ,” ಎಂದಳು ಕುಲಸುಂಬಿ. “ಏನ್ ತಿಂದಿ? ಅತ್ತಿ ಗಡಿಗಿಗಟ್ಟಲೆ ಉಪ್ಪಿನಕಾಯಿ ಹಾಕ್ಯಾಳೇನು?”

ಹೆಂಗಸರು ನಕ್ಕರು. ಕಟ್ಟೆಯ ಮೇಲಿದ್ದ ಅಪ್ಪನಿಗೆ ಅದು ಕೇಳಿಸಿತು. ಎದ್ದು ಒಳಗೆ ಬಂದ. ಮಾಡಕ್ಕೆ ಕೈ ಹಾಕಿದ.

“ಏ ಮುತ್ತ್ಯಾ, ಕುಬುಸದಾಗ ಗಂಡಸರದೇನ್ ಕೆಲಸ?” ಎಂದಳು ಕುಲಸುಂಬಿ. “ನಿನಗೂ ಬಳಿ ತೊಡಸಬೇಕೇನು?”

“ತೊಡಸುವಂತಿ. ಸೊಸಿಗೆ ಗುಳಿಗಿ ಕೊಟ್ಟ ಹೊಕ್ಕೀನಿ,” ಎಂದ ಅಪ್ಪ. ಅಂಗೈಯಲ್ಲಿ ಗುಳಿಗೆ ಇಟ್ಟುಕೊಂಡು ಮಂಗಲನ ಮುಂದೆ ಬಗ್ಗಿದ. ಅದರ ಹಿಂದಿನ ವರ್ಷ ಮಗಳ ಮುಂದೆ ಬಗ್ಗಿದ ಹಾಗೆಯೇ.

ಅಡುಗೆಮನೆಯ ಬಾಗಿಲಲ್ಲಿ ತಾರವ್ವ ಬಂದು ನಿಂತಳು. “ಅಯ್ಯ, ಇಕಿ ಯಾಕ ಹೊರಗ ಬಂದ್ಲು” ಎಂದು ಯಾರೋ ಅಂದರು. ಮಂಗಲನ ಚಿಕ್ಕಮ್ಮ ಸೆರಗು ತಂದು ಮಂಗಲನ ಹೊಟ್ಟೆಗೆ ಮರೆ ಹಿಡಿದಳು. ತಾರವ್ವ ನೆಟ್ಟಗೆ ಬಂದು ಅಪ್ಪನ ಅಂಗೈಯಿಂದ ಗುಳಿಗೆ ತೆಗೆದುಕೊಂಡು ಮುಷ್ಟಿ ಮುಚ್ಚಿದಳು.

“ಅಪ್ಪಾ, ಕುಂದರು. ಒಂದು ಕಥಿ ಹೇಳ್ತೀನಿ.”

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಕಥೆ ಶುರುವಾದರೆ ಮುಗಿಯುವವರೆಗೆ ಯಾರೂ ಏಳುವಂತಿಲ್ಲ, ಬಾಯಿಗೆ ಏನೂ ಹಾಕುವಂತಿಲ್ಲ. ಕೇಳುವವರಲ್ಲಿ ಒಬ್ಬರು ಮಾತು ಮಾತಿಗೂ ಹೂಂ ಅನ್ನಬೇಕು. ಹೂಂ ನಿಂತರೆ ಕಥೆ ಮುಂದೆ ಹೋಗುವುದಿಲ್ಲ. ಕುರಿ ಮಂದೆಯ ನಡುವೆ ಕಥೆ ಹೇಳಿ ಬೆಳೆದವರು ನಾವು, ಮತ್ತು ಹೂಂ ಅನ್ನುವ ಕೆಲಸ ಯಾವಾಗಲೂ ಅಪ್ಪನದು. ಇದು ತಾರವ್ವನಿಗೆ ಗೊತ್ತಿತ್ತು. ಅಪ್ಪ ಕೂತ.

“ಒಂದ ಊರಾಗ ಒಂದ ಕತ್ತಲಿ ಮನಿ ಇತ್ತಂತ,” ಎಂದಳು.

“ಹೂಂ,” ಎಂದ ಅಪ್ಪ.

“ಮನಿಯೊಳಗ ಒಬ್ಬ ಗೌಂಡಿ ಎರಡ ಸಣ್ಣ ಬಾವಿ ಕಟ್ಟಾಕತ್ತಿದ್ದ. ಅವಗ ದೀಪ ಇಲ್ಲ, ಕಣ್ಣ ಇಲ್ಲ. ಕಿವಿ ಅಷ್ಟ ಅದಾವ. ಕೂಗ ಬಂದ್ರ ಒಂದ ಕಲ್ಲ ಇಡಾಂವ. ಮತ್ತ ಕೂಗ ಬಂದ್ರ ಮತ್ತೊಂದ ಕಲ್ಲ.”

“ಹೂಂ.”

“ಆ ಬಾವಿ ನೀರಾಗ ಒಂದ ಕೂಸ ಈಸಾಕತ್ತಿತ್ತು.”

“ಹೂಂ.”

“ಆ ಕೂಗಿಗೆ ಮನಿ ತಲಿ ಸಿಡಿಯಾಕತ್ತಿತು. ಹೊರಗ ಒಬ್ಬ ಹಿರ್ಯಾ ಇದ್ದ. ಆ ಮನಿ ಮ್ಯಾಲ ಅವಗ ಭಾಳ ಜೀವ. ತನ್ನ ಕಿವ್ಯಾಗಿನ ಹತ್ತಿ ತಗದ, ಇದ ಇಟಕೋ ನನ್ನವ್ವ, ಸುಖದಾಗ ನಿದ್ದಿ ಮಾಡು ಅಂದ. ತನ್ನ ತಲಿ ಸಿಡದ್ರ ಸಿಡೀಲಿ ಅಂದ.”

ಹೂಂ ಬರಲಿಲ್ಲ.

ತಾರವ್ವ ಕಾದಳು. ಅಪ್ಪ ಅವಳ ಮುಚ್ಚಿದ ಮುಷ್ಟಿ ನೋಡುತ್ತಿದ್ದ. ಅವ್ವ ಏನೋ ಹೇಳಲು ಹೋದಳು, ಕುಲಸುಂಬಿ ಅವಳ ಮಂಡಿಯ ಮೇಲೆ ಕೈಯಿಟ್ಟು ತಡೆದಳು. ಕಥೆ ಅಲ್ಲೇ ನಿಂತಿತ್ತು. ತಾರವ್ವ ಅಲ್ಲಿಗೇ ಬಿಡಬಹುದಿತ್ತು. ಗುಳಿಗೆ ಅವಳ ಕೈಯಲ್ಲಿತ್ತು. ಆದರೆ ನಾಳೆ ಮತ್ತೆ ಮಾಡದಲ್ಲಿ ಗುಳಿಗೆ ಇರುತ್ತದೆ, ಊರಿನ ಬೇರೆ ಮಾಡಗಳಲ್ಲೂ ಇರುತ್ತದೆ. ಅವಳು ಅಪ್ಪನ ಮುಖದಿಂದ ಕಣ್ಣು ತೆಗೆಯಲಿಲ್ಲ.

“ಹೂಂ,” ಎಂದ ಅಪ್ಪ ಕೊನೆಗೆ.

“ಮನಿ ನಿದ್ದಿ ಮಾಡಿತು. ಒಳಗ ಗೌಂಡಿಗೆ ಕೂಗ ಕೇಳಲಿಲ್ಲ. ಕಾದ. ಕಾದ ಕಾದ ಕರಣಿ ಕೆಳಗಿಟ್ಟ. ಬಾವಿ ಬತ್ತಿದವು. ಕೂಸ ಹೊರಗ ಬಂತು, ಅರಿಬಿ ತೋಯಲಿಲ್ಲ.”

“ಹೂಂ.”

“ಕಥಿ ಇಷ್ಟಪ್ಪ.”

ಅಪ್ಪ ಕೇಳಿದ, “ಹತ್ತಿ ಕೊಟ್ಟವನ ಹೆಸರೇನವ್ವ?”

“ಹೆಸರ ಕಥ್ಯಾಗ ಇಲ್ಲಪ್ಪ,” ಎಂದಳು ನನ್ನ ತಂಗಿ. “ಒಳಗ ಗೌಂಡಿ ಅದಾನಂತ ಅವಗ ಯಾರೂ ಹೇಳಿರಲಿಲ್ಲ.”

ಯಾರೂ ಹೇಳಿರಲಿಲ್ಲ. ಈ ಭವನದಲ್ಲಿ ಕುಳಿತ ವೈದ್ಯ ಮಹಾಶಯರೇ, ಕಂಪನಿಯ ಮಹನೀಯರೇ, ಆ ಮಾತನ್ನು ಇನ್ನೊಮ್ಮೆ ಕೇಳಿ. ಯಾರೂ ಹೇಳಿರಲಿಲ್ಲ. ನೀವು ನಮಗೆ ಗಡಿಯಾರ ಹಂಚಿದಿರಿ, ಕ್ಯಾಲೆಂಡರು ಹಂಚಿದಿರಿ, ಅದರ ಮೇಲೆ ಗುಳಿಗೆಯ ಹೆಸರನ್ನು ದೊಡ್ಡದಾಗಿ ಬರೆಸಿದಿರಿ. ಒಂದು ಬಸುರಿಯ ಚಿತ್ರ ಬರೆದು ಅದರ ಮೇಲೆ ಅಡ್ಡಗೆರೆ ಎಳೆಯಲು ನಿಮ್ಮಲ್ಲಿ ಬಣ್ಣ ಇರಲಿಲ್ಲವೇ? ಡಾಕ್ಟರ್ ಸಾಹೇಬರೇ, ಕುಬುಸದ ಮರುದಿನ ನಮ್ಮವ್ವ ಮಂಗಲನನ್ನು ನಿಮ್ಮಲ್ಲಿಗೆ ಕರೆತಂದಾಗ ನಡೆದದ್ದನ್ನೆಲ್ಲ ಹೇಳಿದಳು. “ಯಾರ ತಗೋ ಅಂದಿದ್ರು?” ಎಂದು ಬೈದಿರಿ. ಬೈದರೂ ಬಸುರಿಯರಿಗೆ ಕೊಡುವ ಬೇರೆ ಹಳೆಯ ಗುಳಿಗೆ ಕೊಟ್ಟಿರಿ. ಅದು ನಿಮ್ಮಲ್ಲಿ ಮೊದಲಿನಿಂದಲೂ ಇತ್ತು. ಅಂದರೆ ನಿಮಗೆ ಗೊತ್ತಿತ್ತು. ಅಲ್ಲಿಂದ ಇವತ್ತಿನವರೆಗೆ ಈ ಗುಳಿಗೆಯನ್ನು ಎಷ್ಟು ಮುದುಕರಿಗೆ ಬರೆದುಕೊಟ್ಟಿದ್ದೀರೋ ನನಗೆ ಗೊತ್ತಿಲ್ಲ. ಒಬ್ಬನಿಗಾದರೂ ಆ ಪ್ರಶ್ನೆ ಕೇಳಿದ್ದೀರಾ? ಕೇಳಿದ್ದರೆ ಈಗಲೇ ಎದ್ದು ಹೇಳಿ, ನಾನು ನಿಮ್ಮ ಕಾಲು ಹಿಡಿದು ಕೂರುತ್ತೇನೆ. ಕಡೆಯ ಹೊಲದವನು ಕೂಗಿದಾಗ ಕಿವಿಯಲ್ಲಿ ಹತ್ತಿ ಇಟ್ಟುಕೊಂಡವರು ಯಾರು, ನೀವೇ ಹೇಳಿ.

ನೀವು ಎದ್ದಿಲ್ಲ. ಆಗಲಿ.

ಹಿಂದಿನ ಸಾಲಿನಲ್ಲಿ ಏನೋ ಗದ್ದಲ. ಏನಾಯಿತು ಸ್ವಯಂಸೇವಕರೇ? ಕೂಸು ಉಚ್ಚೆ ಹೊಯ್ದುಕೊಂಡಿತೇ? ಕಂಪನಿಯವರ ಜಮಖಾನೆ ತೋಯಿತೇ? ತೋಯಲಿ. ಒರೆಸಬೇಡಿ, ನಾನು ಒರೆಸುತ್ತೇನೆ. ಅದು ನನ್ನ ಮಗಳು. ಅವಳನ್ನು ಎತ್ತಿಕೊಂಡವಳು ಅವಳ ಸೋದರತ್ತೆ ತಾರವ್ವ. ಈ ಕೂಸು ಹುಟ್ಟಿ ಮೊದಲ ಸಲ ಬಟ್ಟೆ ತೋಯಿಸಿದಾಗ ನಮ್ಮ ಮನೆಯಲ್ಲಿ ಆ ಬಟ್ಟೆಯನ್ನು ಒಬ್ಬರಿಂದ ಒಬ್ಬರು ಕೈಗೆ ಇಸಿದುಕೊಂಡು ಮುಟ್ಟಿ ನೋಡಿದೆವು. ಅಪ್ಪ ಅದನ್ನು ಕಣ್ಣಿಗೆ ಒತ್ತಿಕೊಂಡ. ನೀವು ಈಗ ಮುಖ ಸಿಂಡರಿಸುತ್ತಿದ್ದೀರಿ.

ಇನ್ನು ಮುಗಿಸುತ್ತೇನೆ. ಆ ಕಥೆಯನ್ನೂ, ಆಮೇಲೆ ತಾರವ್ವ ಬಿಡಿಸಿ ಹೇಳಿದ ಮಿರಜಿನ ಡಾಕ್ಟರಬಾಯಿಯ ಮಾತನ್ನೂ ಕೇಳಿದವರು ಮರುದಿನ ಮುಂಜಾನೆ ಏನು ಮಾಡಿದರು ಎಂದು ಹೇಳದಿದ್ದರೆ ಕಥೆ ಮುಗಿದಂತಲ್ಲ.

ನಮ್ಮ ಕಡೆ ಹಿರಿಯರ ಸೊಂಟದಲ್ಲಿ ಒಂದು ಚಂಚಿ ಇರುತ್ತದೆ. ಎಲೆ, ಅಡಿಕೆ, ಸುಣ್ಣ, ನಿಪ್ಪಾಣಿಯ ತಂಬಾಕು ಇಡುವ ಬಟ್ಟೆಯ ಚೀಲ. ಮನೆಯಲ್ಲಿ ಎಲ್ಲವೂ ಎಲ್ಲರದು. ಹಾಸಿಗೆ ಎಲ್ಲರದು, ತಂಬಿಗೆ ಎಲ್ಲರದು, ಮಾಡ ಎಲ್ಲರದು. ಚಂಚಿ ಮಾತ್ರ ಒಬ್ಬನದು. ಹೆಂಡತಿ ಕೂಡ ಅದಕ್ಕೆ ಕೈ ಹಾಕುವುದಿಲ್ಲ. ಮರುದಿನ ಮುಂಜಾನೆ ರಾಜೇಸಾಬಣ್ಣ ತನ್ನ ಮನೆಯ ಗೂಡಿನಲ್ಲಿದ್ದ ಬಿಪಿ ಗುಳಿಗೆಯನ್ನು ತೆಗೆದು ಚಂಚಿಯಲ್ಲಿ, ಸುಣ್ಣದ ಡಬ್ಬಿಯ ಪಕ್ಕ ಇಟ್ಟುಕೊಂಡ. ಅವನನ್ನು ನೋಡಿ ಓಣಿಯ ಮುದುಕರೆಲ್ಲ ಹಾಗೇ ಮಾಡಿದರು. ಗುಳಿಗೆ ತಂಬಾಕಿನ ವಾಸನೆ ಹೊಡೆಯುತ್ತದೆ ಎಂದು ಇವತ್ತಿಗೂ ಗೊಣಗುತ್ತಾರೆ, ಆದರೆ ಮಾಡದಲ್ಲಿ ಇಡುವುದಿಲ್ಲ. ಬೆಳಗಾವಿಯ ತಜ್ಞರು ತಂಬಾಕು ಬಿಡಿ ಎಂದು ಹೇಳುತ್ತಾರೆ, ಸರಿಯೇ. ಚಂಚಿ ಮಾತ್ರ ಬಿಡಿಸಬೇಡಿ. ಕುಲಸುಂಬಿ ದೊಡ್ಡ ಅಳತೆಯ ಹಸಿರು ಬಳೆ ತಂದು, ಮೊದಲು ತಾರವ್ವನನ್ನು ಕರೆದು ಕೂರಿಸಿ ಅವಳ ಕೈಗೆ ತೊಡಿಸಿ, ಆಮೇಲೆ ಮಂಗಲನಿಗೆ ತೊಡಿಸಿದಳು. ಅವ್ವ ಮಂಗಲನನ್ನು ಕರೆದುಕೊಂಡು ಹಾರೂಗೇರಿಯ ಬಸ್ಸು ಹತ್ತಿದಳು.

ಮತ್ತು ನಮ್ಮಪ್ಪ. ಅಪ್ಪ ಎಲ್ಲರಿಗಿಂತ ಮೊದಲು ಎದ್ದ. ಕುರಿಗಳನ್ನು ಬಿಡಲಿಲ್ಲ. ಮಿಂದು, ತೊಳೆದ ರುಮಾಲು ಸುತ್ತಿಕೊಂಡ. ಮಾಡದಿಂದ ಗುಳಿಗೆಗಳನ್ನೆಲ್ಲ ತೆಗೆದು, ಒಂದನ್ನು ನಮ್ಮೆಲ್ಲರ ಎದುರಿಗೆ ತಾನು ನುಂಗಿದ, ಉಳಿದದ್ದನ್ನು ಚಂಚಿಗೆ ಹಾಕಿ ದಾರ ಎಳೆದ. ಒಲೆಯ ಮುಂದೆ ಕೂತು ಹಾಲು ಕಾಸಿ ತಾರವ್ವನ ಮುಂದೆ ಇಟ್ಟ, ಬರೀ ಹಾಲು. ಅವಳು ಕುಡಿಯುವವರೆಗೆ ಎದುರಿಗೇ ಕೂತಿದ್ದ.

“ಎಲ್ಲಿಗಪ್ಪ ಹೊಂಟಿ?” ಎಂದು ನಾನು ಕೇಳಿದೆ.

“ಉಗಾರಕ,” ಎಂದ. “ಹೆಸರ ಕಥ್ಯಾಗ ಇಲ್ಲಂದ್ಲು. ಹೋಗಿ ಹೇಳಿ ಬರ್ತೀನಿ.”

ಕುಡಚಿಯ ಮೇಲೆ ಹೋಗುವ ಬಸ್ಸು ಹತ್ತಿ, ಬೀಗರ ಬಾಗಿಲಿಗೆ ಹೋಗಿ ನಿಂತು, ಚಂಚಿ ಬಿಚ್ಚಿ ಗುಳಿಗೆ ತೋರಿಸಿ, ಗ್ರಹಣ ಅಲ್ಲ, ನಾನು ಎಂದು ಹೇಳಿ, ನೀರನ್ನೂ ಮುಟ್ಟದೆ ಹೊಳೆ ದಾಟಿ ಹಿಂದಕ್ಕೆ ಬಂದ.

ತಾಳ್ಮೆಯಿಂದ ಕೇಳಿದ್ದಕ್ಕೆ ನಿಮಗೆಲ್ಲ ವಂದನೆಗಳು. ಊಟ ತಯಾರಿದೆ ಎಂದು ಸಂಘಟಕರು ಸನ್ನೆ ಮಾಡುತ್ತಿದ್ದಾರೆ, ಎಲ್ಲರೂ ಉಂಡು ಹೋಗಿ. ನನ್ನ ತಂಗಿ ಅಲ್ಲೇ ಬಾಗಿಲ ಹತ್ತಿರ ಕೂತಿದ್ದಾಳೆ, ಹೋಗುವಾಗ ಅವಳ ಮುಂದೆಯೇ ದಾಟಿ ಹೋಗಬೇಕು. ನಮಸ್ಕಾರ.